ತುರ್ತು ವಿಭಾಗದಲ್ಲಿ 'ಮೊದಲು ಬಂದವರಿಗೆ ಮೊದಲು' ಎಂಬ ನಿಯಮವಿಲ್ಲ: ಒಂದು ಸ್ಪಷ್ಟನೆ

"ತುರ್ತು ವಿಭಾಗದಲ್ಲಿ ಮೊದಲು ಬಂದವರನ್ನೇ ನರ್ಸ್ ಮೊದಲು ನೋಡಬೇಕು, ಆಮೇಲೆ ಬಂದವರನ್ನು ಒಳಗೆ ಕರೆದರೆ ಅದು ಕರ್ತವ್ಯಲೋಪ" ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಅಲ್ಲಿ ಸರದಿ ನಿರ್ಧಾರವಾಗುವುದು ಬಂದ ಹೊತ್ತಿನಿಂದಲ್ಲ, ಅಪಾಯದ ತೀವ್ರತೆಯಿಂದ. ಇದಕ್ಕೆ ಟ್ರಯಾಜ್ ಎನ್ನುತ್ತಾರೆ. ಶ್ವಾಸಮಾರ್ಗ ತೆರೆದಿದೆಯೇ, ಉಸಿರಾಟ ಸರಿಯಿದೆಯೇ, ರಕ್ತಸಂಚಾರ ಹೇಗಿದೆ ಎಂದು ನರ್ಸ್ ಇದೇ ಕ್ರಮದಲ್ಲಿ ನೋಡುತ್ತಾರೆ. ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಮ್ಯಾಂಚೆಸ್ಟರ್ ಟ್ರಯಾಜ್ ಪದ್ಧತಿಯಲ್ಲಿ 5 ಹಂತಗಳಿವೆ. ಕೆಂಪು ಎಂದರೆ ತಕ್ಷಣ, ನೀಲಿ ಎಂದರೆ ಕಾಯಬಹುದು.

ಕೈ ಮುರಿದು ಕೂಗುತ್ತಿರುವವರ ಪಕ್ಕದಲ್ಲೇ, ಸದ್ದಿಲ್ಲದೆ ಬೆವರುತ್ತಾ, ಎರಡು ಪದಕ್ಕೊಮ್ಮೆ ನಿಂತು ಉಸಿರೆಳೆದುಕೊಳ್ಳುವವರು ಕೂತಿರಬಹುದು. ವಯಸ್ಕರ ಉಸಿರಾಟ ನಿಮಿಷಕ್ಕೆ 12ರಿಂದ 20. ಅದು 30 ದಾಟಿ, ತುಟಿ ನೀಲಿಗಟ್ಟುತ್ತಿದ್ದರೆ ಒಳಗೆ ಹೋಗಬೇಕಾದವರು ಅವರೇ, ಈಗಷ್ಟೇ ಬಂದಿದ್ದರೂ ಸರಿ.

ಹಾಗೆಂದು ಕಾಯುವವರ ನೋವು ಸಣ್ಣದಲ್ಲ. ಕಾಯುವಾಗ ನೋವು ಹೆಚ್ಚಾದರೆ, ತಲೆ ಸುತ್ತಿದರೆ ಸುಮ್ಮನಿರಬೇಡಿ, ಕೂಡಲೇ ಹೇಳಿ. ಮತ್ತೆ ಪರೀಕ್ಷಿಸಿ ಹಂತ ಬದಲಿಸುವುದೂ ನರ್ಸ್ ಹೊಣೆಯೇ.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಕಳಿಸಿ.