ಹಗೇವಿನ ಮುಚ್ಚಳ

ಮಂಡ್ಯ ಸೀಮೆಯ ನಮ್ಮೂರಿನಲ್ಲಿ ಹಳೆಯ ಶಾಲೆಯ ಎರಡು ಕೊಠಡಿಗಳಿಗೆ ಸುಣ್ಣ ಬಳಿದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಮೊದಲನೆಯದರಲ್ಲಿ ನೇಗಿಲು, ನೊಗ, ಕೂರಿಗೆ, ಕುಂಟೆಗಳು ಗೋಡೆಗೊರಗಿವೆ. ಎರಡನೆಯದರಲ್ಲಿ ಕಬ್ಬಿನ ಗಾಣ, ಬೆಲ್ಲದ ಅಚ್ಚುಗಳು, ಅರ್ಧ ಕೊಠಡಿಯನ್ನೇ ನುಂಗಿರುವ ಆಲೆಮನೆಯ ಕೊಪ್ಪರಿಗೆ. ಕಬ್ಬು ನಮ್ಮಲ್ಲಿ ಮೊದಲೂ ಇತ್ತು. ಆದರೆ ಕನ್ನಂಬಾಡಿಯ ನೀರು ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ (ಆಗ ಅದು ಇರ್ವಿನ್ ನಾಲೆ) ಹರಿದುಬಂದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ, ರಾಗಿಯ ಸೀಮೆ ಕಬ್ಬಿನ ಸೀಮೆಯಾಯಿತು. ಆ ಎರಡು ಕಾಲಗಳ ನಡುವೆ ಇಲ್ಲಿರುವುದು ಒಂದು ಹೊಸ್ತಿಲು ಮಾತ್ರ.

ಕೊಳಗದ ಮುಂದೆ 'ಅಳತೆಯ ಪಾತ್ರೆ' ಎಂಬ ಚೀಟಿಯಿದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂದೂ, ಖಂಡುಗ ಬೀಜ ಹಿಡಿಸುವ ನೆಲವನ್ನೂ ಖಂಡುಗವೆಂದೇ ಕರೆಯುತ್ತಿದ್ದರೆಂದೂ ಒಂದು ಸಾಲು ಸೇರಿಸಿದ್ದರೆ ಚೀಟಿಯೇನೂ ಹರಿಯುತ್ತಿರಲಿಲ್ಲ.

ನನ್ನನ್ನು ಪ್ರತಿಸಲವೂ ನಿಲ್ಲಿಸುವುದು ಬಾಗಿಲ ಬಳಿಯ ಒಂದು ಚಪ್ಪಡಿ. ಅದು ಹಗೇವಿನ ಮುಚ್ಚಳ. ಹಗೇವೆಂದರೆ ನೆಲದೊಳಗಿನ ರಾಗಿಯ ಕಣಜ: ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಹಾಸಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ, ಹುಳು ಹತ್ತದ ಆ ಧಾನ್ಯ ವರ್ಷಗಟ್ಟಲೆ ಕೆಡದೆ ಬರದ ವರ್ಷಕ್ಕಾಗಿ ಕಾಯುತ್ತಿತ್ತು. ತೆಗೆಯುವಾಗ ಅವಸರ ಸಲ್ಲದು. ಒಳಗಿನ ಕೆಟ್ಟ ಗಾಳಿ ಹೊರಹೋಗಲೆಂದು ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ. ಹಸಿವಿನ ಮನೆಯಲ್ಲಿ ಆ ದೀಪವನ್ನು ಎಷ್ಟು ಕಣ್ಣುಗಳು ನೋಡುತ್ತಿದ್ದವೋ!

ನೇಗಿಲನ್ನು ಹೊತ್ತು ತರಬಹುದು, ಗಾಣವನ್ನು ಬಿಚ್ಚಿ ತಂದು ಜೋಡಿಸಬಹುದು. ಗುಂಡಿಯನ್ನು ಯಾವ ಗಾಡಿಯಲ್ಲಿ ಹೇರಿ ತರುವುದು? ಹೀಗಾಗಿ ಸಿಮೆಂಟಿನ ನೆಲದ ಮೇಲೆ, ಏನನ್ನೂ ಮುಚ್ಚದ ಮುಚ್ಚಳವೊಂದು ಬಿದ್ದುಕೊಂಡಿದೆ. ಬಂದವರೆಲ್ಲ ಗಾಣದ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಇದರ ಮೇಲೆ ಕುಳಿತು ಚಪ್ಪಲಿ ಹಾಕಿಕೊಳ್ಳುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಮಾಡಿದವನು.

ಹೋದ ವಾರ ಒಬ್ಬ ಹುಡುಗ ಬೆರಳು ತೂರಿಸಿ ಅದನ್ನೆತ್ತಲು ಹೆಣಗುತ್ತಿದ್ದ. "ತಾತಾ, ಇದರ ಕೆಳಗೆ ಏನದೆ?" ಎಂದು ಕೇಳಿದ. ಕಾವಲಿನ ಹಿರಿಯರು ಉತ್ತರ ಕೊಡದೆ ಕಿಟಕಿಯಾಚೆ ಕೈ ತೋರಿಸಿದರು. ಹಗೇವಿದ್ದ ಜಾಗದಲ್ಲಿ ಈಗ ಕಾಂಕ್ರೀಟ್ ರಸ್ತೆ. ಅದರ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರೊಂದು ತೊನೆಯುತ್ತ ಹೋಗುತ್ತಿತ್ತು.