ಸೊರ್ರ್ ಅನ್ನೋ ಸದ್ದು
ನಮ್ಮನೇಲಿ ಬೆಳಗ್ಗೆ ತಿಂಡಿ ಟೈಮ್ ಅಂದ್ರೆ ನಂಗೆ ನರಕ ಕಣ್ರಪ್ಪ. ಚಿಕ್ಕಪ್ಪ ಲೋಟದಿಂದ ಕಾಫಿನ ಸೊರ್ರ್ ಅಂತ ಎಳೀತಾರೆ, ಆಮೇಲೆ ಅವಲಕ್ಕಿ ಒಗ್ಗರಣೆಲಿರೋ ಕಡ್ಲೆಬೀಜ ಕಟಕಟ ಅಗೀತಾರೆ, ಅಷ್ಟಕ್ಕೇ ಎದೆ ಡವಡವ, ಪಾಪ ಅವ್ರ ತಪ್ಪೇನೂ ಇಲ್ಲ ಅಂತ ಗೊತ್ತು, ಆದ್ರೂ ತಟ್ಟೆ ಎತ್ಕೊಂಡು ಟೆರೇಸಿಗೆ ಓಡೋಣ ಅನ್ಸುತ್ತೆ. ಹೇಳಿದ್ರೆ ಅಮ್ಮ "ಏನೇ ನಿನ್ ಕೊಬ್ಬು, ನಾಳೆ ಅತ್ತೆಮನೇಲಿ ಏನ್ಮಾಡ್ತೀಯ" ಅಂತಾರೆ. ಇಂಥ ಸದ್ದು ಕೇಳಿದ್ರೆ ಹಿಂಗಾಗೋದಕ್ಕೆ ಮಿಸೋಫೋನಿಯಾ ಅಂತ 2001ರಲ್ಲೇ ಹೆಸರಿಟ್ಟಿದಾರೆ, ಕಿವಿ ನೆಟ್ಟಗಿರೋರಿಗೂ ಬರುತ್ತೆ, ಸದ್ದು ಜೋರಾಗೇ ಇರ್ಬೇಕು ಅಂತಿಲ್ಲ. ಗಣೇಶನ ಹಬ್ಬದ ತಮಟೆ ಪಕ್ಕದಲ್ಲೇ ಬಡಿದ್ರೂ ನಂಗೇನೂ ಆಗಲ್ಲ, ನೋಡಿ! ಈಗ ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದಾಗ್ಲೇ ತಿಂಡಿಗೆ ಕೂರ್ತೀನಿ, ಆ ಗಲಾಟೇಲಿ ಸೊರ್ರ್ ಕೇಳಲ್ಲ. ಇವತ್ತು ಕರೆಂಟ್ ಹೋಗಿತ್ತು.