ಚೀಟಿ ಎತ್ತಿ ಹಂಚಿದ ಶಿಕ್ಷೆ

ಊರಿಂದ ಬಂದಿದ್ದ ಅಪ್ಪನನ್ನು ಮೊನ್ನೆ ಸಿಡ್ನಿಯ ಹೈಡ್ ಪಾರ್ಕ್ ಬ್ಯಾರಕ್ಸ್‌ಗೆ ಕರೆದುಕೊಂಡು ಹೋಗಿದ್ದೆ. 1819ರಲ್ಲಿ ಕೈದಿಗಳಿಗೆಂದೇ ತೆರೆದ ಇಟ್ಟಿಗೆ ಕಟ್ಟಡ. ಮೇಲೆ ಸಾಲು ಸಾಲು ಜೋಲಿಗಳು. ಒಬ್ಬ ಮಗ್ಗುಲು ಬದಲಿಸಿದರೆ ಪಕ್ಕದವನಿಗೆ ತಾಗಬೇಕು. ಬ್ರಿಟನ್ನಿನಿಂದ ಗಡೀಪಾರಾಗಿ ಹಡಗಿನಲ್ಲಿ ಬಂದಿಳಿದ ಕೈದಿಗಳನ್ನು ಜಮೀನುದಾರರಿಗೆ ಕೂಲಿಯಿಲ್ಲದ ಆಳುಗಳಾಗಿ ಹಂಚುತ್ತಿದ್ದರು ಅಂದೆ. "ಜೀತ ಅನ್ನೋ, ಅದಕ್ಕೆ ಬೇರೆ ಹೆಸರು ಯಾಕೆ?" ಅಂದರು ಅಪ್ಪ.

ಪೂರ್ತಿ ಜೀತವಲ್ಲ. ಅಪ್ಪನ ಋಣ ಮಗನ ತಲೆಗೆ ಬರುತ್ತಿರಲಿಲ್ಲ. ಏಳು ವರ್ಷದ ಶಿಕ್ಷೆಯವನು ನಾಲ್ಕು ವರ್ಷ ತಗಾದೆಯಿಲ್ಲದೆ ಕಳೆದರೆ ಸ್ವಂತಕ್ಕೆ ದುಡಿದುಕೊಳ್ಳುವ ಪರವಾನಗಿ ಕೇಳಬಹುದಿತ್ತು. ಒಡೆಯ ತಾನೇ ಚಾಟಿ ಎತ್ತುವಂತಿರಲಿಲ್ಲ, ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಆ ಮ್ಯಾಜಿಸ್ಟ್ರೇಟ್ ಎಷ್ಟೋ ಸಲ ಪಕ್ಕದ ಜಮೀನಿನವನೇ! ಸರ್ಕಾರಕ್ಕೂ ಲಾಭ, ಹಿಟ್ಟು, ಮಾಂಸ, ಬಟ್ಟೆ ಎಲ್ಲ ಒಡೆಯನ ಖರ್ಚು.

ನನಗೆ ಕಸಿವಿಸಿ ಬೇರೆಯದಕ್ಕೆ. ಎಷ್ಟು ವರ್ಷ ಅನ್ನುವುದನ್ನಷ್ಟೇ ಜಡ್ಜು ಬರೆಯುತ್ತಿದ್ದ. ಆ ವರ್ಷಗಳು ಹೇಗಿರುತ್ತವೆ ಅನ್ನುವುದು ಯಾರ ಪಾಲಿಗೆ ಬಿದ್ದೆ ಅನ್ನುವುದರ ಮೇಲೆ.

1834ರಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನ ಟಾಲ್‌ಪಡಲ್ ಹಳ್ಳಿಯ ಆರು ಜನ ಹೊಲದ ಕೂಲಿಗಳಿಗೆ ಏಳು ವರ್ಷ ಗಡೀಪಾರು. ತಪ್ಪೇನು? ಸಂಘ ಕಟ್ಟುವಾಗ ಗುಟ್ಟಾಗಿ ಪ್ರಮಾಣ ಮಾಡಿದ್ದು. ಅವರಲ್ಲೊಬ್ಬ ಜೇಮ್ಸ್ ಹ್ಯಾಮೆಟ್ ಆಮೇಲೆ ಹೇಳಿಕೊಂಡಂತೆ, ಹೆಸರು ಬರೆದ ಚೀಟಿ ಎತ್ತಿ ಅವರನ್ನು ಹಂಚಿದರು, ತಲೆಗೆ ಒಂದು ಪೌಂಡ್. ಸಂತೆಯಲ್ಲಿ ಎತ್ತಿಗಾದರೂ ಹಲ್ಲು ನೋಡುತ್ತಾರೆ.

ಅವರಲ್ಲೇ ಇನ್ನೊಬ್ಬ, ಜೇಮ್ಸ್ ಬ್ರೈನ್, ಸಿಡ್ನಿಯಿಂದ ಉತ್ತರಕ್ಕೆ ಹಂಟರ್ ನದಿ ಕಡೆಯ ರಾಬರ್ಟ್ ಸ್ಕಾಟ್‌ನ ಪಾಲಿಗೆ ಬಿದ್ದ. ಸ್ಕಾಟ್ ಸ್ವತಃ ಮ್ಯಾಜಿಸ್ಟ್ರೇಟ್. ದಾರಿಯಲ್ಲಿ ದರೋಡೆಕೋರರು ಬ್ರೈನ್‌ನ ಬಟ್ಟೆ, ಹೊದಿಕೆ ಎಲ್ಲ ಕಿತ್ತುಕೊಂಡಿದ್ದರು. ಮಾರನೇ ದಿನವೇ ಬೇಲಿ ಕಂಬಕ್ಕೆ ಗುಂಡಿ ತೋಡುವ ಕೆಲಸ. ನಡೆದು ನಡೆದು ಅಂಗಾಲು ಹುಣ್ಣಾಗಿ ಸಲಿಕೆ ಮೇಲೆ ಕಾಲಿಡಲಾಗದೆ, ಪೀಪಾಯಿಗೆ ಬಿಗಿಯುವಂಥ ಕಬ್ಬಿಣದ ಪಟ್ಟಿಯ ಚೂರೊಂದನ್ನು ಪಾದಕ್ಕೆ ಸುತ್ತಿಕೊಂಡು ತುಳಿದನಂತೆ. ಆರು ತಿಂಗಳು ಬೂಟಿಲ್ಲ, ಹಾಸಿಗೆಯಿಲ್ಲ. ಎದೆಮಟ್ಟ ನೀರಲ್ಲಿ ನಿಂತು ಹದಿನೇಳು ದಿನ ಕುರಿ ತೊಳೆದು ನೆಗಡಿ ಹಿಡಿದಾಗ ಹೊದೆಯೋಕೆ ಏನಾದರೂ ಕೊಡಿ ಅಂತ ಕೇಳಿದ. ಕೊಡಲಿಲ್ಲ. ಆ ಪಟ್ಟಿ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಇದೇ ಸ್ಕಾಟ್ 1838ರಲ್ಲಿ ಕೊಲೆ ಆರೋಪ ಹೊತ್ತ ಕೈದಿ ಆಳುಗಳ ಪರವಾಗಿ ದುಡ್ಡೆತ್ತಲು ನಿಂತ. ಕನಿಕರದಿಂದಲ್ಲ. ಆ ಜೂನ್‌ನಲ್ಲಿ ಇದೇ ವಸಾಹತಿನ ಮಯಾಲ್ ಕ್ರೀಕ್‌ನಲ್ಲಿ ಹನ್ನೆರಡು ಮಂದಿ ಕನಿಷ್ಠ 28 ಮೂಲನಿವಾಸಿಗಳನ್ನು ಕೊಂದಿದ್ದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಕೊಂದವರಲ್ಲಿ ಹೆಚ್ಚಿನವರು ಜಮೀನುದಾರರ ಆಳುಗಳು, ಅವರಿಗೆ ಗಲ್ಲಾದರೆ ಒಡೆಯರಿಗೆ ಚಿಂತೆ. ನಿಜ ಹೇಳಿದವನೂ ಒಬ್ಬ ಕೈದಿ ಆಳೇ: ಅಲ್ಲಿನ ಗುಡಿಸಲು ಕಾಯುತ್ತಿದ್ದ ಜಾರ್ಜ್ ಆಂಡರ್ಸನ್. ಕಟಕಟೆಗೆ ಬಂದ ಹನ್ನೊಂದು ಜನರೂ ಕೈದಿಗಳಾಗಿ ಬಂದವರು, ಏಳು ಮಂದಿ ನೇಣಿಗೇರಿದರು. ಹನ್ನೆರಡನೆಯವನು ಜಾನ್ ಫ್ಲೆಮಿಂಗ್. ಸ್ವತಂತ್ರ, ಜಮೀನುದಾರರ ಮನೆಯವನು. ಅವನು ಸಿಗಲೇ ಇಲ್ಲ.